ಪ್ರತಿ ಸಂಜೆ ಬಿಚ್ಚಿಟ್ಟ ವೈರು

ತಾಫೊ, ಕುಮಾಸಿ
೧೪ ಮಾರ್ಚ್ ೨೦೧೩

ಪ್ರೀತಿಯ ತಂಗಿ ಸೆರ್ವಾ,

‘ಮರೆತುಬಿಡುತ್ತೆ’ ಎಂದಿದ್ದನೋ ‘ಎಲ್ಲಾ ಅಳಿಸಿಹೋಗುತ್ತೆ’ ಎಂದಿದ್ದನೋ, ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಇರಲಿ, ಮೊದಲು ನಿನ್ನ ಆರೋಗ್ಯ. ತಮಾಲೆಯ ಧೂಳಿಗೆ ಹಿಡಿದ ಕೆಮ್ಮು ಬಿಟ್ಟಿತೆ? ಶಾಲೆಯವರು ಕೊಟ್ಟ ಕೋಣೆಗೆ ಫ್ಯಾನು ಬಂತೆ? ಬಸ್ ಡ್ರೈವರ್ ಕೈಯಲ್ಲಿ ಒಣಮೀನು ಕಳಿಸಿದ್ದೇನೆ, ಒಬ್ಬಳೇ ಎಂದು ಅಡುಗೆ ಮಾಡದೆ ಇರಬೇಡ. ಫೋನ್ ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ಮಳೆ ಬಿಸಿಲಿನ ಮಾತಾಡಿ ಇಟ್ಟುಬಿಡುತ್ತೇನೆ.

ಕಾರು ಮಾರಲು ಹೊರಟಿದ್ದೆ. ಅಮ್ಮ ಹೋದ ಮೇಲೆ ಎಂಟು ತಿಂಗಳು ಅದು ಗೋಡೆಯ ಪಕ್ಕದಲ್ಲೇ ಇತ್ತು. ಬ್ಯಾಟರಿ ಚಾರ್ಜ್ ಮಾಡಿಸಿಟ್ಟಿದ್ದೆ; ನೋಡಲು ಬಂದವನು ಸ್ಟಾರ್ಟ್ ಮಾಡಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ. ಎಂಜಿನ್ ನಡುಗಿ ಆಫ್ ಆಯಿತು, ಅವತ್ತಿನ ಹಾಗೆಯೇ. ಅವನು ನಕ್ಕು ಎದ್ದುಹೋದ. ಮರುದಿನ ಸುಆಮೆಯ ಗ್ಯಾರೇಜುಗಳ ಸಾಲಿನಲ್ಲಿ ಅಡುಸೆ ಎಂಬ ಫಿಟರ್ ಬಳಿಗೆ ಒಯ್ದೆ. ಅವನು ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಿಚ್ಚಿ ಮಸಿ ಒರೆಸಿದ. ಬ್ಯಾಟರಿಯ ಕ್ಲಿಪ್ ಸವೆದಿರುವುದನ್ನು ನೋಡಿ ಯಾಕೆ ಎಂದ. ಓಡಿಸುತ್ತಿದ್ದಾಗ ದಿನಾ ಸಂಜೆ ವೈರು ಬಿಚ್ಚಿಡುತ್ತಿದ್ದೆ, ಅಪ್ಪ ತನ್ನ ಟ್ಯಾಕ್ಸಿಗೆ ಮಾಡುತ್ತಿದ್ದಂತೆ, ಕಳ್ಳರ ಭಯಕ್ಕೆ ಎಂದೆ. ಅವನು ಅಕ್ಕಪಕ್ಕದ ಫಿಟರ್‌ಗಳನ್ನೆಲ್ಲ ಕೂಗಿದ: “ಬನ್ರೋ, ಈ ಯಜಮಾನ್ರನ್ನ ನೋಡಿ! ಸಂಜೆ ಇದರ ತಲೆ ತೆಗೆದಿಡ್ತಾರಂತೆ, ಬೆಳಿಗ್ಗೆ ಬುದ್ಧಿ ಎಲ್ಲಿ ಅಂತ ಹುಡುಕ್ತಾರಂತೆ!” ಆಮೇಲೆ ಕೈ ಒರೆಸಿಕೊಳ್ಳುತ್ತಾ, “ನಿಮ್ಮಪ್ಪನ ಟ್ಯಾಕ್ಸಿಗೆ ಮಿದುಳಿರಲಿಲ್ಲ ಯಜಮಾನ್ರೇ, ಇದಕ್ಕಿದೆ. ನಿಂತಾಗ ಎಷ್ಟು ಗಾಳಿ ಬೇಕು ಅಂತ ಓಡ್ತಾ ಓಡ್ತಾ ಕಲೀತದೆ. ಕರೆಂಟ್ ಕಿತ್ರೆ ಕಲಿತದ್ದೆಲ್ಲ ಹೋಯ್ತು. ಮೇಲೆ ಇಷ್ಟು ಮಸಿ. ಸಿಗ್ನಲ್‌ನಲ್ಲಿ ಆಫ್ ಆಗದೆ ಇನ್ನೇನಾಗ್ತದೆ?” ಎಂದ. ನಾನೂ ನಕ್ಕೆ. ನಗದೆ ಅಲ್ಲಿ ನಿಂತಿರುವುದು ಸಾಧ್ಯವಿರಲಿಲ್ಲ.

ನಿನ್ನ ಗಂಡ ಅಟಾಕೊರಾ ತೇಮಾ ಬಂದರಿನಿಂದ ಆ ಹಳೆಯ ಕಾರು ತಂದುಕೊಟ್ಟ ದಿನ ಬಾನೆಟ್ ಎತ್ತಿ ತೋರಿಸಿ, “ಭಾವಾ, ಈ ವೈರು ಮಾತ್ರ ಬಿಚ್ಚಬೇಡಿ” ಎಂದಿದ್ದ. ಜೊತೆಗೆ ಹೇಳಿದ್ದೇ ಮೊದಲ ಸಾಲಲ್ಲಿ ಬರೆದ, ಸರಿಯಾಗಿ ನೆನಪಾಗದ ಆ ಮಾತು. “ನಮ್ಮಪ್ಪ ಮೂವತ್ತು ವರ್ಷ ಬಿಚ್ಚಿದಾನೆ. ನೀನು ನನಗೆ ಕಲಿಸ್ತೀಯಾ?” ಎಂದೆ. ಅವನು ಬಾನೆಟ್ ಮುಚ್ಚಿದ.

ಅಮ್ಮನನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ಆ ಬೆಳಿಗ್ಗೆ ಸರ್ಕಲ್‌ನಲ್ಲಿ ಆದದ್ದು ನಿನಗೂ ಗೊತ್ತು. ಅಮ್ಮನ ತಲೆ ನಿನ್ನ ತೊಡೆಯ ಮೇಲಿತ್ತು. ಸ್ಟಾರ್ಟ್ ಆಗುವುದು, ಆಫ್ ಆಗುವುದು. ಹಿಂದಿನ ವ್ಯಾನಿನವನು “ಏಯ್, ತಳ್ಳಯ್ಯಾ ಆಚೆಗೆ, ಇದೇನು ನಿಮ್ಮನೆ ಅಂಗಳವಾ?” ಎಂದು ಕಿರುಚುತ್ತಿದ್ದ. ಕೊನೆಗೆ ಬ್ಯಾಟರಿಯೇ ಇಳಿಯಿತು. ಟ್ಯಾಕ್ಸಿ ಸಿಕ್ಕಿದಾಗ ಅಮ್ಮನಿಗೆ ಅವಸರವಿರಲಿಲ್ಲ. ಸಂಜೆ ನೆಂಟರೆಲ್ಲರ ಮುಂದೆ ನೀನು ಅಟಾಕೊರಾನಿಗೆ, “ಗುಜರಿ ತಂದು ನನ್ನಮ್ಮನ್ನ ಕೊಂದೆ” ಎಂದೆ. ಅವನು ಒಂದೇ ಸಲ ನನ್ನ ಕಡೆ ನೋಡಿದ. ನಾನು ನೆಲ ನೋಡುತ್ತಿದ್ದೆ.

ಮೂರು ತಿಂಗಳ ಮೇಲೆ, ಮದುವೆಯಲ್ಲಿ ಅವರು ತಂದಿದ್ದ ಮದ್ಯವನ್ನು ಪದ್ಧತಿಯಂತೆ ಹಿಂತಿರುಗಿಸಿ ಸಂಬಂಧ ಮುಗಿಸಿ ಬಾ ಎಂದು ಸೋದರಮಾವ ನನ್ನನ್ನೇ ಕಳಿಸಿದರು. ಎರಡು ಬಾಟಲಿಗಳನ್ನು ಅವನ ಅಪ್ಪನ ಮುಂದಿಟ್ಟೆ. ಅಟಾಕೊರಾ ನೀರು ತಂದುಕೊಟ್ಟು, “ಕಾರು ಈಗ ಹೇಗಿದೆ ಭಾವಾ?” ಎಂದ. ಚುಚ್ಚುತ್ತಿದ್ದಾನೆ ಎಂದುಕೊಂಡೆ. ನಾನು ಬಾಯಿಬಿಡಲಿ ಎಂದು ಅವಕಾಶ ಕೊಡುತ್ತಿದ್ದ, ಈಗ ತಿಳಿಯುತ್ತದೆ. ಆಗ ನನಗೇನೂ ಗೊತ್ತಿರಲಿಲ್ಲ ಎಂದು ಇಲ್ಲಿ ಬರೆಯಬಹುದು. ಬರೆಯಲಾರೆ. ಅವನ ಮಾತು ಹೀಗೆ ಅರ್ಧಂಬರ್ಧವಾಗಿ ಆಗಲೂ ನೆನಪಿತ್ತು; ಅದನ್ನು ಪೂರ್ತಿ ನೆನಪಿಸಿಕೊಳ್ಳದಂತೆ ನೋಡಿಕೊಂಡಿದ್ದೆ.

ಕಾರು ಈಗ ನಿಂತಾಗಲೂ ಆಫ್ ಆಗುವುದಿಲ್ಲ. ನಿನ್ನ ಅತ್ತಿಗೆ, ಮಕ್ಕಳು ನಿನ್ನನ್ನು ಕೇಳಿದರು. ದೇವರು ನಿನ್ನನ್ನು ಕಾಯಲಿ.

ನಿನ್ನ ಅಣ್ಣ,
ಡ್ವೊಮೊ

ಬಸ್ ಹೊರಡುತ್ತಿದೆ, ಒಂದು ಮಾತು ಮರೆತಿದ್ದೆ. ಬರುವ ಗುರುವಾರ ಅಟಾಕೊರಾನ ಮನೆಯವರು ಬೇರೆ ಹೆಣ್ಣಿನ ಮನೆಗೆ ಮಾತುಕತೆಗೆ ಹೋಗುತ್ತಾರಂತೆ. ಅವನೂ ಒಪ್ಪಿದ್ದಾನಂತೆ. ಅದಕ್ಕೆ ಮೊದಲು ನಾನು ಹೋಗಿ, ತಪ್ಪು ಅವನದಲ್ಲ, ವೈರು ಬಿಚ್ಚಿದ ನನ್ನದು ಎಂದು ಎಲ್ಲರ ಮುಂದೆ ಹೇಳಬಲ್ಲೆ. ಹೇಳಲೇ ಸೆರ್ವಾ, ಅಥವಾ ಅವನಿಲ್ಲದ ಬದುಕು ನಿನಗೀಗ ಒಗ್ಗಿಹೋಗಿದೆಯೇ?