ಒಂಬತ್ತು ಮೀಟರ್ ವೈರ್

ಜುಲೈ 8, ಸೋಮವಾರ. ಸಂಜೆ 7
ಕಾಲೇಜಿನಿಂದ ಬಂದು ಅತ್ತೆಗೆ ಟೀ, ಮಾತ್ರೆ, ಬೆನ್ನಿಗೆ ಪೌಡರ್. ಆಮೇಲೆ ಹಾಲ್‌ನಲ್ಲಿ ನನ್ನ ಒಂದು ಗಂಟೆ. ಸಿಡಿ ಪ್ಲೇಯರ್, ಆಂಪ್ಲಿಫೈಯರ್, ನಡುವೆ ನಾನೇ ಸೋಲ್ಡರ್ ಮಾಡಿದ ಪ್ಯಾಸಿವ್ ಪ್ರಿಆಂಪ್. ಕರೆಂಟೇ ಬೇಡದ ಡಬ್ಬಿ. ಸೌಂಡ್ ತಗ್ಗಿಸುತ್ತದೆ, ತನ್ನದೇನೂ ಸೇರಿಸುವುದಿಲ್ಲ. ಅದಕ್ಕೇ ಇಷ್ಟ.

ಸೊಂಟ ಮುರಿದು ಕುಣಿಗಲ್‌ನಿಂದ ಬಂದ ಅತ್ತೆ ಹಿಂದಿನ ರೂಮಿನಲ್ಲಿ ಮಲಗಿ ಮೂರು ತಿಂಗಳು. ರೇಡಿಯೊ ಇಟ್ಟೆ, ಬೇಡವಂತೆ. “ನೀನ್ ಕೇಳೋದೇ ನಂಗೂ ಕೇಳುಸ್ಲಿ.” ನಿನ್ನೆ ಒಂಬತ್ತು ಮೀಟರ್ ವೈರ್ ಎಳೆದು ಅಲ್ಲೂ ಒಂದು ಹಳೆಯ ಆಂಪ್, ಸ್ಪೀಕರ್ ಇಟ್ಟೆ. ಅಲ್ಲಿ ಹಾಡು ಕಂಬಳಿ ಹೊದ್ದುಕೊಂಡ ಹಾಗಿದೆ...

ಜುಲೈ 10
ಶಿರಾ ಗೇಟ್ ಹತ್ತಿರದ ರಿಪೇರಿ ಅಂಗಡಿಯ ರವೀಶ್ ನಕ್ಕರು. “ನಿಮ್ ಪ್ಯಾಸಿವ್‌ಗೆ ದಮ್ಮಿಲ್ಲ ಮೇಡಂ. ವೈರ್ ಉದ್ದ ಆದಷ್ಟೂ ಮೇಲಿನ ಸ್ವರ ತಿಂದಾಕ್ತದೆ.” ವೈರ್ ಒಂದು ಮೀಟರ್ ಒಳಗಿರಬೇಕಂತೆ. ಇಲ್ಲವೇ ಕರೆಂಟಿನ ಆಕ್ಟಿವ್ ಪ್ರಿಆಂಪ್. ಅದು ದೂರಕ್ಕೂ ತಳ್ಳುತ್ತದೆ. ಒಂದು ವಾರ ಇಟ್ಟು ನೋಡಿ ಎಂದು ತಮ್ಮದನ್ನೇ ಕೊಟ್ಟರು.

ಎಲ್ಲವನ್ನೂ ಅತ್ತೆಯ ರೂಮಿಗೇ ಸಾಗಿಸಿದರೆ ಪ್ಯಾಸಿವ್ ಸಾಕು. ಅವರು ಹೇಳಲಿಲ್ಲ, ನನಗೇ ಹೊಳೆಯಿತು. ಆದರೆ ನಾನೊಬ್ಬಳೇ ಕೂರುವ ಆ ಒಂದು ಗಂಟೆ?... ಅಲ್ಲಿಗೇ ಬಿಟ್ಟೆ.

ಜುಲೈ 11
ಹಿಂದಿನ ರೂಮಿನಲ್ಲೂ ಸ್ವರ ಬಿಚ್ಚಿಕೊಂಡಿತು. ಜೊತೆಗೆ ಸುಯ್ ಎನ್ನುವ ಸದ್ದು — ಹಾಡು ನಿಂತರೂ ನಿಲ್ಲದ್ದು. ನನಗೆ ತಲೆನೋವು. ವಸಂತನರಸಾಪುರದ ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬಂದ ಗಂಡ ಪ್ರಸಾದ್‌ಗೆ ಏನೂ ಕೇಳಿಸುವುದಿಲ್ಲವಂತೆ. ಅವರ ಅಮ್ಮ ಕರೆದದ್ದೂ ಅವರಿಗೆ ಕೇಳಿಸುವುದಿಲ್ಲ. ಈ ಸಾಲು ಹೊಡೆದುಹಾಕಬೇಕು. ಬೇಡ, ಇರಲಿ.

ಜುಲೈ 16
ಅತ್ತೆಗೆ ಜ್ವರ. ನಾಲ್ಕು ದಿನ ಹಾಡಿಲ್ಲ, ಬರೆದೂ ಇಲ್ಲ. ಇವತ್ತು ಅವರ ರೂಮಿನಲ್ಲಿ ಆನ್ ಆಗಿಯೇ ಉಳಿದಿದ್ದ ಆಂಪ್ ಆಫ್ ಮಾಡಲು ಹೋದರೆ ತಡೆದರು.
“ಇರ್ಲಿ ಬುಡು. ಸುಯ್ ಅಂತದಲ್ಲ, ಯಾರೋ ಪಕ್ಕದಾಗೆ ಕುಂತವ್ರೆ ಅನ್ನುಸ್ತದೆ.”
ಹೂಂ ಅಂದೆ. ಹೋಗಿ ಕುಕ್ಕರ್ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಜುಲೈ 18. ಸಂಜೆ 7.30
ಆಕ್ಟಿವ್ ವಾಪಸ್ ಕೊಟ್ಟೆ. ಈಗ ಎಲ್ಲವೂ ಅತ್ತೆಯ ರೂಮಿನಲ್ಲಿ, ಮಾತ್ರೆಗಳ ಪಕ್ಕ. ಸುಯ್ ಇಲ್ಲ. ಆದರೆ ಅತ್ತೆ ಹಾಡಿನ ಮೇಲೇ ಮಾತಾಡುತ್ತಾರೆ — ಎಮ್ಮೆ, ನಾದಿನಿ ಮದುವೆ, ಕುಣಿಗಲ್ ಸ್ಟಡ್ ಫಾರಂ ಕುದುರೆಗಳು. ಒಂದು ಹಾಡೂ ಪೂರ್ತಿ ಕೇಳಲಿಲ್ಲ. ಸುಸ್ತು.

ಸಿಡಿ ಮುಗಿದ ಮೇಲೆ ಕೇಳಿದರು. “ಅಷ್ಟುದ್ದ ವೈರ್ ಯಾಕವ್ವ ಎಳ್ದಿದ್ದೆ? ಮೊದ್ಲೇ ಇಲ್ಲಿಗ್ ತರಬೋದಿತ್ತಲ್ಲ.”
ನಿಮಗೆ ತೊಂದರೆಯಾಗದಿರಲಿ ಅಂತ, ಅಂದೆ.
“ನನ್ ತೊಂದ್ರೆ ನಿಂಗ್ ಬ್ಯಾಡ ಅಂತ ಅನ್ನು.”
ಸಿಟ್ಟಿರಲಿಲ್ಲ. ಜಾಗ ಕೊಡಲು ಕಾಲು ಸರಿಸಿಕೊಳ್ಳಲು ನೋಡಿದರು, ಆಗಲಿಲ್ಲ. ನಾನೇ ಸರಿಸಿದೆ. ಮಂಚದ ತುದಿಯಲ್ಲೇ ಕೂತು ಬರೆಯುತ್ತಿದ್ದೇನೆ. ಅದೇನು ಬರೆಯುತ್ತೀಯ ಅನ್ನುತ್ತಿದ್ದಾರೆ. ಓದಿ ಹೇಳಬೇಕಂತೆ. ಯಾವ ಪುಟದಿಂದ—