ಪೂಜೆಯ ಹೊತ್ತಿನ ವಾಚು

ಹರಪನಹಳ್ಳಿ

ದಾವಣಗೆರೆಯ ವಾಚ್ ಸರ್ವಿಸ್ ಸೆಂಟರಿನ ಮ್ಯಾನೇಜರ್ ಅವರಿಗೆ ಶರಣು.

ಒಳಗೆ ನೀರು ಹೊಕ್ಕಿದೆ, ವಾರಂಟಿ ಸಿಗದು ಎಂದು ನಿಮ್ಮವರು ನನ್ನ ಸ್ಮಾರ್ಟ್‌ವಾಚನ್ನು ಹಿಂದಕ್ಕೆ ಕಳಿಸಿದ್ದಾರೆ. ಫೋನಿನಲ್ಲಿ ಒಬ್ಬ ಹುಡುಗಿ, "ಈಜೋಕೆ ಹೋಗಿದ್ರಾ ಸರ್?" ಎಂದು ಕೇಳಿದಳು. ನಾನು ಮೆಕ್ಕೆಜೋಳದ ವ್ಯಾಪಾರಿ. ನನಗೆ ಈಜು ಬರುವುದಿಲ್ಲ.

ಸ್ನಾನವಾದ ಕೂಡಲೇ ವಾಚ್ ಕಟ್ಟಿಕೊಳ್ಳುವ ಅಭ್ಯಾಸ ನನ್ನದು. ಆಮೇಲೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ನೀರೆರೆಯುತ್ತೇನೆ. ಆ ನೀರು ಮಣಿಕಟ್ಟಿಗೆ ಇಳಿಯುತ್ತದೆ. ಇದನ್ನು ಈಜು ಎನ್ನುವುದು ಯಾವ ನ್ಯಾಯ? ನಿಮ್ಮ ಜಾಹೀರಾತಿನವನು ಇದೇ ವಾಚ್ ಕಟ್ಟಿಕೊಂಡು ಮಳೆಯಲ್ಲಿ ಓಡುತ್ತಾನಲ್ಲ!

ನನಗೆ ಹೊಸದು ಬೇಡ. ಇದು ತಾಸಿಗೊಮ್ಮೆ ಕೈ ನಡುಗಿಸಿ, ಎದ್ದು ಸ್ವಲ್ಪ ನಡೆಯಿರಿ ಎಂದು ತೋರಿಸುತ್ತಿತ್ತು. ಅಷ್ಟನ್ನು ಮಾತ್ರ ಸರಿಮಾಡಿಕೊಡಿ, ಖರ್ಚು ನಾನೇ ಕೊಡುತ್ತೇನೆ. ಅಂಗಡಿ ಮುಚ್ಚಿ ಮನೆಗೆ ಬಂದ ಮೇಲೆ ನನಗೆ ಏನಾದರೂ ಹೇಳುತ್ತಿದ್ದುದು ಅದೊಂದೇ.

ಆ ಹುಡುಗಿ ಇನ್ನೂ ಒಂದು ಮಾತು ಕೇಳಿದಳು: "ನೀರು ತಾಗಿಸಬೇಡಿ ಅಂತ ನಿಮಗೆ ಯಾರೂ ಹೇಳಿರಲಿಲ್ವಾ?" ಅದಕ್ಕೆ ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಹೇಳುತ್ತಿದ್ದರು. ನಾನು ಪೂಜೆಗೆ ಕೂತಾಗಲೆಲ್ಲ ನನ್ನ ಹೆಂಡತಿ ನಾಗವೇಣಿ ಅಡುಗೆಮನೆಯಿಂದಲೇ, "ರೀ, ವಾಚ್ ಬಿಚ್ಚಿಡ್ರಿ, ನೀರು ಬೀಳತೈತಿ" ಎಂದು ಕೂಗುತ್ತಿದ್ದಳು. ಅವಳು ಕೂಗುವವರೆಗೆ ನಾನು ಬಿಚ್ಚುತ್ತಿರಲಿಲ್ಲ.

ಯುಗಾದಿಗೆ ಮುಂಚೆ ಅವಳು ಲಿಂಗೈಕ್ಯಳಾದಳು. ಈಗಲೂ ವಾಚ್ ಕಟ್ಟಿಕೊಂಡೇ ಪೂಜೆಗೆ ಕೂಡುತ್ತೇನೆ. ಸ್ವಲ್ಪ ಹೊತ್ತು ಕಾಯುತ್ತೇನೆ, ಆಮೇಲೆ ನೀರೆರೆಯುತ್ತೇನೆ.

ಇಂತಿ ನಿಮ್ಮ ಗ್ರಾಹಕ,
ಎಂ. ಚನ್ನವೀರಪ್ಪ