ಬೆಟ್ಟದ ಬುಡದವಳು

ಜೂನ್ 2, ಬೆಳಿಗ್ಗೆ

ಕಿಟಕಿಯ ಒಳಮೈಗೆ ಕಟ್ಟಿದ ಮಂಜುಗಡ್ಡೆ ಮತ್ತೆ ಕೆರೆದೆ. ಈ ಗಾಲಿಮನೆ ಕ್ಯಾರವಾನ್ ಅಲ್ಲ, ಫ್ರಿಜ್ಜು. ಚಹಾಕ್ಕೆ ನೀರಿಟ್ಟೆ. ಫೋನ್ ನೋಡಿದೆ. ಏನಿಲ್ಲ. ಬ್ರೆಡ್ಡಿಗೆ ವೆಜಿಮೈಟ್ ಸವರಿ ತಿಂದೆ. ಮತ್ತೆ ಫೋನ್ ನೋಡಿದೆ.

ಮನೆ ಮಾಲೀಕ ಈ ವರ್ಷವೂ ಮೇ ಕೊನೆಗೆ ಖಾಲಿ ಮಾಡಿಸಿದ. ಜೂನ್ ಬಂದರೆ ಆಸ್ಟ್ರೇಲಿಯಾದಲ್ಲಿ ಚಳಿಗಾಲ; ಸಿಡ್ನಿಯಿಂದ ಸ್ಕೀ ಮಾಡಲು ಬರುವವರಿಗೆ ಕೊಟ್ಟರೆ ಅವನಿಗೆ ಲಾಭ. ಬೆಟ್ಟದ ಬುಡದ ಈ ಜಿಂಡಬೈನ್‌ನಲ್ಲೇ ಹುಟ್ಟಿದವಳು ನಾನು. ಹಿಮ ಬಿದ್ದರೆ ಈ ಊರಿನಲ್ಲಿ ನನಗೇ ಜಾಗವಿಲ್ಲ. ಮೋಟೆಲ್ ಕೆಲಸವೂ ಹೋಯಿತು — ಹೊಸ ಮಾಲೀಕರು, ಹೊಸ ಹುಡುಗಿಯರು.

ಬೆಟ್ಟದ ಮೇಲಿನ ಸ್ಕೀ ರೆಸಾರ್ಟಿನಲ್ಲಿ ಸೀಸನ್ ಕೆಲಸ ಸಿಕ್ಕರೆ ಜೊತೆಗೆ ಹಾಸಿಗೆಯೂ ಸಿಗುತ್ತದೆ. ಹೀಟರ್, ಬಿಸಿನೀರು. ಸಿಗದಿದ್ದರೆ ಡಬ್ಬೋದಲ್ಲಿ ಅಕ್ಕನ ಮನೆಯ ಸೋಫಾ. ಅಕ್ಕನ ನಾಲಿಗೆಗಿಂತ ಈ ಚಳಿಯೇ ವಾಸಿ.

ಜೂನ್ 4

ಇಂಟರ್‌ವ್ಯೂ ಆಯಿತು. ಜನರನ್ನು ತೂಗುಕುರ್ಚಿಯಲ್ಲಿ ಬೆಟ್ಟಕ್ಕೇರಿಸುವ ಲಿಫ್ಟುಗಳ ಸೂಪರ್‌ವೈಸರ್ ಜ್ಯಾರಡ್. ಮೂವತ್ತೂ ತುಂಬಿಲ್ಲ. ಬಿಸಿಲಿಗೆ ಮೂಗಿನ ಚರ್ಮ ಸುಲಿದಿದೆ.

"ನರೆಲ್, ನೀವು ಇಲ್ಲಿಯವರೇ ಅಲ್ವಾ?"

"ಇಲ್ಲೇ ಹುಟ್ಟಿದ್ದು."

"ಸದ್ಯ, ಊರಿನವರೊಬ್ಬರು ಸಿಕ್ಕರು. ಹಾಗಾದ್ರೆ ಸ್ಕೀ ಬರುತ್ತಾ ಅಂತ ಕೇಳೋದೇ ಬೇಡ ಬಿಡಿ. ಮೀನಿಗೆ ಈಜು ಬರುತ್ತಾ ಅಂದ ಹಾಗಾಗುತ್ತೆ."

ನಕ್ಕ. ನಾನೂ ನಕ್ಕೆ. ಅಷ್ಟೇ ಮಾಡಿದ್ದು. ಸುಳ್ಳು ಹೇಳಲಿಲ್ಲ... ನಿಜವನ್ನೂ ಹೇಳಲಿಲ್ಲ.

ನಲವತ್ತನಾಲ್ಕು ವರ್ಷದಿಂದ ಆ ಬೆಟ್ಟವನ್ನು ನೋಡುತ್ತಿದ್ದೇನೆ. ಸ್ಕೀ ಕಾಲಿಗೆ ಕಟ್ಟಿದ್ದು ಒಂದು ದಿನವೂ ಇಲ್ಲ. ಲಿಫ್ಟ್ ಟಿಕೆಟ್ಟಿಗೆ ದುಡ್ಡೆಲ್ಲಿತ್ತು? ಅಪ್ಪ ರಸ್ತೆಯ ಹಿಮ ತಳ್ಳುವ ಟ್ರಕ್ ಓಡಿಸುತ್ತಿದ್ದ. ಅಮ್ಮ ಸ್ಕೀ ಮಾಡಿ ದಣಿದು ಬಂದವರ ಹಾಸಿಗೆ ಸರಿಮಾಡುತ್ತಿದ್ದಳು. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.

ಜೂನ್ 5

ಕೆಲಸ ಸಿಕ್ಕಿತು. ಹಿಮ ಬಿದ್ದ ದಿನದಿಂದ ಲೆಕ್ಕ. ಅಲ್ಲಿಯವರೆಗೆ ಸಂಬಳವೂ ಇಲ್ಲ, ಹಾಸಿಗೆಯೂ ಇಲ್ಲ.

ಜೂನ್ 9

ಲಾಂಗ್ ವೀಕೆಂಡ್ ಮುಗಿಯಿತು. ಸೀಸನ್ ಶುರುವಾಯಿತು ಎಂದು ಬ್ಯಾಂಡ್ ಬಾರಿಸಿದರು, ಪಟಾಕಿ ಹೊಡೆದರು. ಬೆಟ್ಟ ಮಾತ್ರ ಬೋಳು. ಬಂದವರು ಕೆಸರಿನಲ್ಲಿ ಫೋಟೋ ತೆಗೆಸಿಕೊಂಡು ಹೋದರು.

ಜೂನ್ 19

ಬಿತ್ತು. ರಾತ್ರಿಯಿಡೀ ಬಿತ್ತು. ಕ್ಯಾರವಾನ್ ಬಾಗಿಲು ತೆರೆಯಲು ಭುಜ ಕೊಟ್ಟು ತಳ್ಳಬೇಕಾಯಿತು. ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಮಧ್ಯಾಹ್ನಕ್ಕೆಲ್ಲ ಮೇಲೆ ಸ್ಟಾಫ್ ರೂಮಿನಲ್ಲಿದ್ದೆ. ಮೇಲಿನ ಹಾಸಿಗೆ ಇಗ್ನಾಸಿಯಾಳದು. ಚಿಲಿ ದೇಶದವಳು, ವಯಸ್ಸು ಇಪ್ಪತ್ತಮೂರು, ಹಿಮದ ಮೇಲೆಯೇ ನಡೆಯಲು ಕಲಿತವಳಂತೆ. ಕೆಳಗಿನದು ನನ್ನದು. ಹಾಸಿಗೆ ಮೇಲೆ ಕೂತು ಹೀಟರಿಗೆ ಕಾಲು ಚಾಚಿದೆ. ಅಳು ಬಂತು.

ಆಮೇಲೆ ಮೀಟಿಂಗ್. ಜ್ಯಾರಡ್ ನಿಯಮ ಹೇಳಿದ. ಬೆಟ್ಟದ ಮೇಲೆ ಲಿಫ್ಟ್ ಮುಗಿಯುವ ತುದಿಯ ಸ್ಟೇಷನ್ನಿನಲ್ಲಿ ಕೆಲಸ ಮಾಡುವವರು ಸಂಜೆ ಲಿಫ್ಟ್ ನಿಂತ ಮೇಲೆ ಸ್ಕೀ ಮಾಡಿಯೇ ಇಳಿಯಬೇಕು. ಕುರ್ಚಿಯಲ್ಲಿ ಕೂತು ವಾಪಸ್ ಬರುವಂತಿಲ್ಲ. ಪುಣ್ಯಕ್ಕೆ ನನ್ನನ್ನು ಬುಡದ ಸ್ಟೇಷನ್ನಿಗೆ ಹಾಕಿದರು.

ಜೂನ್ 21

ಎಲ್ಲರಿಗೂ ಸ್ಕೀ ಬೂಟು ಕೊಟ್ಟರು. ರೂಮಿನಲ್ಲಿ ಹಾಕಿ ನೋಡುತ್ತಿದ್ದೆ. ಇಗ್ನಾಸಿಯಾ ಮೇಲಿಂದ ಬಗ್ಗಿದಳು.

"ಪ್ಯಾಂಟು ಬೂಟಿನ ಮೇಲೆ ಬರಬೇಕು, ನೀವು ಒಳಗೆ ತುರುಕಿದ್ದೀರಲ್ಲ ನರೆಲ್, ಇದು ಯಾವ ಊರಿನ ಫ್ಯಾಷನ್ನು?"

"ಈ ಊರಿಂದೇ."

ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

"ಅಯ್ಯೋ. ನಿಮಗೆ ಬರಲ್ಲ."

"ಯಾರಿಗೂ ಹೇಳ್ಬೇಡ ಮಾರಾಯ್ತಿ."

"ನನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ. ಹೇಳೋಕೆ ಹೋದ್ರೂ ಬರಲ್ಲ ಬಿಡಿ."

ಜುಲೈ 3

ಸಂಜೆ ಮಕ್ಕಳ ಇಳಿಜಾರು ಖಾಲಿಯಾದ ಮೇಲೆ ಇಗ್ನಾಸಿಯಾ ಕಲಿಸುತ್ತಾಳೆ. ನೆಟ್ಟಗೆ ಹೋಗುತ್ತೇನೆ. ನಿಲ್ಲಲು ಬರುವುದಿಲ್ಲ. ಇವತ್ತೂ ಬೇಲಿಗೆ ಗುದ್ದಿದೆ. ಸೊಂಟ ಬದನೆಕಾಯಿ ಬಣ್ಣ. "ಮಂಡಿ ಬಗ್ಗಿಸಿ, ಮರ ಆಗ್ಬೇಡಿ" ಅನ್ನುತ್ತಾಳೆ. ಭಯಕ್ಕೆ ಮಂಡಿ ಬಗ್ಗಬೇಕಲ್ಲ.

ಜುಲೈ 11

ತುದಿಯಲ್ಲಿದ್ದ ಹುಡುಗನ ಹೆಬ್ಬೆರಳು ಮುರಿಯಿತು. ಜ್ಯಾರಡ್ ಸೀದಾ ನನ್ನ ಹತ್ತಿರ ಬಂದ. "ನಾಳೆಯಿಂದ ಮೇಲೆ ನೀವೇ."

ನಿದ್ದೆ ಬರುತ್ತಿಲ್ಲ.

ಜುಲೈ 12

ಕೆಲಸವೇನೋ ಸುಲಭ. ಜನ ಕುರ್ಚಿ ಬಿಟ್ಟು ಇಳಿಯುವ ಕಡೆ ಸಲಿಕೆಯಿಂದ ಹಿಮ ಸಮ ಮಾಡುವುದು, ಯಾರಾದರೂ ಬಿದ್ದರೆ ಗುಂಡಿ ಒತ್ತಿ ಲಿಫ್ಟ್ ನಿಲ್ಲಿಸುವುದು. ಸಂಜೆಯಾಯಿತು. ಮಂಡಿ ಹಿಡಿದಿದೆ ಎಂದೆ. ರಕ್ಷಣಾ ತಂಡದವನೊಬ್ಬ ಹಿಮದ ಬೈಕಿನಲ್ಲಿ ಇಳಿಸಿದ. ಕೆಳಗೆ ಜ್ಯಾರಡ್ ಕಾದಿದ್ದ.

"ಮಂಡಿ ಡಾಕ್ಟರಿಗೆ ತೋರಿಸಿ. ಬೇಜಾರು ಮಾಡ್ಕೋಬೇಡಿ ನರೆಲ್, ಇಳಿಯೋಕೆ ಆಗದವರನ್ನ ಇಟ್ಕೊಳ್ಳೋಕೆ ನನಗಾಗಲ್ಲ. ನಿಮ್ಮ ಹಾಸಿಗೆಗೆ ಕ್ಯೂ ಇದೆ."

ಕಳ್ಳನ ಮನಸ್ಸು ಹುಳ್ಳಗೆ. ಅವನಿಗೆ ಅನುಮಾನ ಬಂತೇ?

ಜುಲೈ 14, ರಾತ್ರಿ

ನಿನ್ನೆ ಮಂಡಿಯ ನೆಪಕ್ಕೆ ರಜೆ ಸಿಕ್ಕಿತ್ತು, ಇವತ್ತು ಮತ್ತೆ ತುದಿಗೆ ಹೋದೆ.

ಮಧ್ಯಾಹ್ನ ಗಾಳಿ ಎದ್ದಿತು. ಕುರ್ಚಿಗಳು ಒಂದಕ್ಕೊಂದು ಬಡಿಯುವಂತೆ ತೂಗಾಡಿದವು. ಇದ್ದವರನ್ನು ಇಳಿಸಿಕೊಂಡು ಲಿಫ್ಟ್ ನಿಲ್ಲಿಸಿದರು. ಎಲ್ಲರೂ ಸ್ಕೀ ಮಾಡುತ್ತಾ ಹೋದರು. ಒಬ್ಬ ಹೆಂಗಸು ಉಳಿದಳು. ಬ್ರಿಸ್ಬೇನಿನವಳು, ಹೆಸರು ವೆಂಡಿ. ಗೊತ್ತಿಲ್ಲದೆ ದೊಡ್ಡ ಲಿಫ್ಟ್ ಹತ್ತಿಬಿಟ್ಟಿದ್ದಳು. ಇಳಿಜಾರು ನೋಡಿ ಕಂಬ ತಬ್ಬಿ ನಿಂತಳು. ರೇಡಿಯೋದಲ್ಲಿ ಜ್ಯಾರಡ್: "ಬೈಕು ಬೇರೆ ಕಡೆ ಹೋಗಿದೆ. ನಿಧಾನಕ್ಕೆ ಕರ್ಕೊಂಡು ಬನ್ನಿ."

"ನೀವು ಹೋಗಿ, ನಿಮಗೇನು, ಸೊಯ್ಯಂತ ಇಳೀತೀರಿ," ಎಂದು ವೆಂಡಿ ಅತ್ತಳು.

ಏನಾಯಿತೋ ಗೊತ್ತಿಲ್ಲ. ಬಾಯಿಂದ ಬಂದೇಬಿಟ್ಟಿತು. "ನನಗೂ ಬರಲ್ಲ ಕಣ್ರೀ. ಆಣೆಗೂ ಬರಲ್ಲ. ನಡೆದು ಹೋಗೋಣ."

ಅವಳ ಸ್ಕೀಗಳನ್ನು ಹೆಗಲ ಮೇಲೆ ಹೊತ್ತೆ. ನನ್ನವು ತುದಿಯ ಸ್ಟೇಷನ್ನಿನ ಗುಡಿಸಲಿನಲ್ಲೇ ಉಳಿದವು. ದಾರಿ ಗುರುತಿಗೆ ನೆಟ್ಟ ಕಂಬಗಳ ಸಾಲು ಹಿಡಿದು ಇಳಿದೆವು. ಗಾಳಿ ಎಬ್ಬಿಸಿದ ಹಿಮಕ್ಕೆ ಎದುರಿನ ಕಂಬವೇ ಕಾಣದು. ಕಂಡಮೇಲೆ ಹೆಜ್ಜೆ, ಕಾಣದಿದ್ದರೆ ನಿಲ್ಲು. ಎರಡು ಸಲ ತೊಡೆಯವರೆಗೆ ಹೂತುಹೋದಳು. ಎಳೆದೆ. ಒಮ್ಮೆ ನಾನು ಹೂತೆ, ಅವಳು ಎಳೆದಳು. ಸತ್ತೇಹೋಗುತ್ತೇವೆ ಅನ್ನಿಸಿತು.

ಕೆಳಗೆ ಮುಟ್ಟಿದಾಗ ಜ್ಯಾರಡ್ ಓಡಿ ಬಂದ. "ನಡ್ಕೊಂಡು ಬಂದ್ರಾ?" ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ವೆಂಡಿ ನನ್ನನ್ನು ತಬ್ಬಿಕೊಂಡು ಹೇಳಿದಳು:

"ಎಂಥಾ ಹೆಂಗಸಪ್ಪ ಇವರು. ನನಗೆ ನಾಚಿಕೆ ಆಗಬಾರದು ಅಂತ, ತನಗೂ ಸ್ಕೀ ಬರಲ್ಲ ಅಂತ ಸುಳ್ಳು ಹೇಳಿದ್ರು. ಪೂರ್ತಿ ದಾರಿ ನನ್ನ ಜೊತೆ ನಡೆದ್ರು."

ಜ್ಯಾರಡ್ ನನ್ನ ಬೆನ್ನು ತಟ್ಟಿದ.

ಜುಲೈ 15

ಗಾಳಿಗೆ ಶುಕ್ರವಾರದವರೆಗೆ ತುದಿಯ ಲಿಫ್ಟ್ ಬಂದ್ ಅಂತೆ. ಬೆಳಿಗ್ಗೆಯೇ ಜ್ಯಾರಡ್‌ನ ಆಫೀಸಿಗೆ ಹೋದೆ. ಹೇಳಿಬಿಡೋಣ ಎಂದೇ ಹೋದೆ.

"ಜ್ಯಾರಡ್, ನಿನ್ನೆ ಆಕೆಗೆ ಹೇಳಿದ್ದು ಸುಳ್ಳಲ್ಲ. ನಿಜ."

ಹೊಟ್ಟೆ ಹಿಡಿದು ನಕ್ಕ. "ಸಾಕು ಬಿಡಿ ನರೆಲ್, ವಿನಯಕ್ಕೂ ಮಿತಿ ಇರಬೇಕು. ಶನಿವಾರ ರಾತ್ರಿ ಪಂಜು ಹಿಡಿದು ಸಾಲಾಗಿ ಸ್ಕೀ ಮಾಡ್ತಾ ಇಳಿಯೋದಕ್ಕೆ ಮುಂದಾಳು ನೀವೇ. ವರ್ಷಾ ವರ್ಷ ಹೊರಗಿನವರೇ ಮುಂದೆ ಇರ್ತಾರೆ. ಈ ಸಲ ಊರಿನವರು ಇರಲಿ."

ನಿಜ ಹೇಳಿದರೂ ನಂಬುವವರಿಲ್ಲ. ಇಗ್ನಾಸಿಯಾಗೆ ಹೇಳಿದೆ. ಅವಳು ನಗಲಿಲ್ಲ. "ಆ ಪಂಜು ಸ್ಕೀ ಮೇಲೆ ಒಂದು ಸಲ ಇಳಿಯೋಷ್ಟು ಹೊತ್ತು ಮಾತ್ರ ಉರಿಯುತ್ತೆ. ಕತ್ತಲಲ್ಲಿ ಬಿದ್ರೆ ಹಿಂದಿನವರೆಲ್ಲ ನಿಮ್ಮ ಮೇಲೆ ಬೀಳ್ತಾರೆ, ಕೈಯಲ್ಲಿ ಬೆಂಕಿ ಹಿಡ್ಕೊಂಡು. ಇದು ಆಟ ಅಲ್ಲ."

ಗೊತ್ತು.

ಜುಲೈ 19, ಶನಿವಾರ. ಸಂಜೆ. ತುದಿಯ ಗುಡಿಸಲು

ಎಲ್ಲರೂ ಸ್ಕೀ ಹೊತ್ತು ಲಿಫ್ಟಿನಲ್ಲಿ ಬಂದರು. ನಾನು ಬರಿಗೈಯಲ್ಲಿ ಬಂದೆ. ಕೆಲಸದ ಬೂಟು.

"ನಿಮ್ಮ ಸ್ಕೀ ಎಲ್ಲಿ?" ಜ್ಯಾರಡ್ ಕೇಳಿದ.

"ಆ ಮೂಲೆಯಲ್ಲಿ, ಸೋಮವಾರ ಬಿಟ್ಟಲ್ಲೇ ಇವೆ. ನನಗೆ ಬರಲ್ಲ ಅಂತ ಅವತ್ತೇ ಹೇಳಿದೆ. ಇವತ್ತು ಎಲ್ಲರ ಮುಂದೆ ಹೇಳ್ತಿದ್ದೀನಿ. ಬೇಕಾದ್ರೆ ಇಗ್ನಾಸಿಯಾನ ಕೇಳು."

"ನನ್ನ ಇಂಗ್ಲಿಷ್..." ಎಂದು ಶುರು ಮಾಡಿದಳು ಇಗ್ನಾಸಿಯಾ. ಆಮೇಲೆ ತಲೆ ತಗ್ಗಿಸಿದಳು. "ನಿಜ. ಬರಲ್ಲ."

ಯಾರೂ ನಗಲಿಲ್ಲ. ಜ್ಯಾರಡ್‌ನ ಮುಖ ಕೆಂಪಾಯಿತು.

"ಜೂನಲ್ಲೇ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಹಾಸಿಗೆ ಕೊಡ್ತಿದ್ದೆಯಾ?"

ಜ್ಯಾರಡ್ ಪಂಜುಗಳ ಕಟ್ಟು ಎತ್ತಿಕೊಂಡ. "ಅದನ್ನ ನಾಳೆ ಮಾತಾಡೋಣ. ಇಗ್ನಾಸಿಯಾ, ನೀನು ಮುಂದೆ" ಎಂದು ಹೊರಗೆ ಹೋದ. ಎಲ್ಲರೂ ಅವನ ಹಿಂದೆ ಹೋದರು.

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಭಯವಿದೆ. ಎದೆ ಮಾತ್ರ ಹಗುರ. ಕಿಟಕಿಯಿಂದ ಕೆಳಗೆ ಜನ ಸೇರಿರುವುದು ಕಾಣುತ್ತದೆ. ಚಿಕ್ಕವಳಿದ್ದಾಗ ಅಪ್ಪನ ಟ್ರಕ್ಕಿನಲ್ಲಿ ಕೂತು ಅಲ್ಲಿಂದಲೇ ಪಂಜುಗಳನ್ನು ನೋಡುತ್ತಿದ್ದೆ. ಯಾರು ಇವರೆಲ್ಲ, ಎಷ್ಟು ಅದೃಷ್ಟವಂತರು ಅನ್ನಿಸುತ್ತಿತ್ತು.

ಜ್ಯಾರಡ್ ಒಳಗೆ ಬಂದ. ಬೆಂಚಿನ ಮೇಲೆ ಪಂಜು ಇಟ್ಟ. ಒಂದಲ್ಲ, ಎರಡು.

"ಕಂಬಗಳ ಸಾಲು ಬಿಡ್ಬೇಡಿ. ನೀವು ಮುಟ್ಟೋವರೆಗೂ ಕೆಳಗಿನ ದೀಪ ಆರಿಸಲ್ಲ," ಎಂದ. ಹೋದ.

ಎರಡು. ನಡೆದು ಇಳಿಯುವವಳಿಗೆ ಒಂದು ಸಾಲದು ಎಂದು ಲೆಕ್ಕ ಹಾಕಿದ್ದಾನೆ.

ಹೊರಗೆ ಮೊದಲನೆಯದು ಹೊತ್ತಿತು. ಕರೆಯುತ್ತಿದ್ದಾರೆ. ಗ್ಲೌಸ್ ಹಾಕಿದರೆ ಪೆನ್ನು ಹಿಡಿಯಲು ಬರುವುದಿಲ್ಲ. ಉಳಿದದ್ದು ಕೆಳಗೆ ಹೋಗಿ, ನನ್ನ ಹಾಸಿಗೆಯ ಮೇಲೆ ಕೂತು —